ಕಾರ್ಖಾನೆ ಕಂಡಿತು, ಸಾಗಣೆ ಕಾಣಲಿಲ್ಲ

ಡೆಂಗಿ ಹರಡಿದ ದಿನಗಳಲ್ಲಿ ಜಮಖಂಡಿಯ ಯಾವ ಲ್ಯಾಬಿನ ಮುಂದೆ ನಿಂತರೂ ಕಿವಿಗೆ ಬೀಳುವ ಪ್ರಶ್ನೆ ಒಂದೇ: “ಬಿಳಿಕಣ ಎಷ್ಟ್ ಅದಾವ್ರೀ?” ಅವರು ಕೇಳುತ್ತಿರುವುದು ಪ್ಲೇಟ್‌ಲೆಟ್ ಲೆಕ್ಕ, ಬಿಳಿ ರಕ್ತಕಣವೇ ಬೇರೆ. ಅದೇ ರಿಪೋರ್ಟಿನಲ್ಲಿ ‘ಎನ್‌ಎಸ್1 ಪಾಸಿಟಿವ್’ ಎಂಬ ಸಾಲೂ ಇರುತ್ತದೆ. ಅದನ್ನು ಡೆಂಗಿಯ ಮುದ್ರೆ ಎಂದುಕೊಂಡು ಸುಮ್ಮನಾಗುತ್ತೇವೆ. 2024ರ ಜುಲೈಯಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಲ್ಲಿ ಎನ್‌ಎಸ್1 ಎಲೈಸಾ ಪರೀಕ್ಷೆಗೆ 300 ರೂಪಾಯಿ ದರ ಗೊತ್ತುಮಾಡಿತು. ಅಷ್ಟು ಕೊಟ್ಟು ತಂದ ಸಾಲು ನಮಗೆ ಓದಲು ಬರುವುದಿಲ್ಲ. ಲ್ಯಾಬಿನವರನ್ನು ದೂರಿ ಫಲವಿಲ್ಲ. ಜೀವಕೋಶದ ಪಾಠವನ್ನೇ ನಾವು ಅರ್ಧಕ್ಕೆ ಬಿಟ್ಟಿದ್ದೇವೆ.

ಒಂಬತ್ತನೆಯ ತರಗತಿಯ ಪಾಠ ನೋಡಿ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಇದೆ, ಗಾಲ್ಗಿ ಇದೆ, ಗಾಲ್ಗಿ ಸರಕನ್ನು ಕಟ್ಟಿ ಕಳಿಸುತ್ತದೆ ಎಂಬ ಮಾತೂ ಇದೆ. ಆದರೆ ಯಾವ ಗಂಟು ಎಲ್ಲಿಗೆ, ದಾರಿ ತೋರುವವರಾರು, ದಾರಿ ಕಟ್ಟಿದರೆ ಏನಾಗುತ್ತದೆ? ಉತ್ತರವಿಲ್ಲ. ಶಿಕ್ಷಕರು ‘ಜೀವಕೋಶ ಒಂದು ಕಾರ್ಖಾನೆ ಇದ್ದಂಗ’ ಎಂದು ಚಿತ್ರ ಬರೆಸಿ, ಹೆಸರು ಗುರುತಿಸಲು ಹೇಳಿ ಮುಗಿಸುತ್ತಾರೆ.

ಕಾರ್ಖಾನೆಯ ಹೋಲಿಕೆ ಬೇರೆಲ್ಲಿಯಾದರೂ ನಡೆದೀತು, ಸಮೀರವಾಡಿ, ಸಿದ್ದಾಪುರ, ಬಾಡಗಂಡಿಗಳ ಸಕ್ಕರೆ ಕಾರ್ಖಾನೆಗಳ ಸೀಮೆಯಲ್ಲಿ ಅಷ್ಟಕ್ಕೇ ನಿಲ್ಲಿಸಬಾರದು. ಕಾರ್ಖಾನೆಯೆಂದರೆ ಗಾಣವಷ್ಟೇ ಅಲ್ಲ ಎಂದು ಇಲ್ಲಿನ ಮಕ್ಕಳಿಗೆ ಗೊತ್ತು. ಕಡಿಯುವ ಗ್ಯಾಂಗ್ ಬರಬೇಕು, ಟ್ರ್ಯಾಕ್ಟರ್ ಸಿಗಬೇಕು, ಕಾಟಾದ ಮುಂದೆ ಪಾಳಿ ಸರಿಯಬೇಕು. ಕಡಿದ ಕಬ್ಬು ಗೇಟಿನ ಮುಂದೆ ಒಣಗುತ್ತ ನಿಂತರೆ ಸಕ್ಕರೆಯ ರಿಕವರಿ ಬೀಳುತ್ತದೆ. ಕಬ್ಬಿನೊಳಗಿನ ಇನ್ವರ್ಟೇಸ್ ಎಂಬ ಕಿಣ್ವ ಸಕ್ಕರೆಯನ್ನು ಒಡೆಯತೊಡಗುವುದು ಅದಕ್ಕೊಂದು ಕಾರಣ.

ಸೋಜಿಗವೆಂದರೆ, ಜೀವಕೋಶದ ಸಾಗಣೆಯ ಗುಟ್ಟು ಬಯಲಾದದ್ದೂ ಇನ್ವರ್ಟೇಸಿನ ಬೆನ್ನು ಹತ್ತಿದಾಗಲೇ. ಅದು ಯೀಸ್ಟಿನ ಇನ್ವರ್ಟೇಸ್. ಕಾಕಂಬಿಯನ್ನು ಹುಳಿಸಿ ಎಥನಾಲ್ ಮಾಡುವ ಯೀಸ್ಟಿನ ಮೇಲೆಯೇ ರ‍್ಯಾಂಡಿ ಶೆಕ್‌ಮನ್ ಮತ್ತು ಪೀಟರ್ ನೋವಿಕ್ ಅಮೆರಿಕದಲ್ಲಿ ಕೆಲಸ ಮಾಡಿದರು. ಕೆಲವು ತಳಿಗಳು ತಂಪಿನಲ್ಲಿ ಚೆನ್ನಾಗಿದ್ದು, 37 ಡಿಗ್ರಿ ಸೆಲ್ಸಿಯಸ್ಸಿಗೆ ಏರಿಸಿದೊಡನೆ ಇನ್ವರ್ಟೇಸನ್ನು ಹೊರಬಿಡಲಾರದೆ ಒಳಗೇ ರಾಶಿ ಹಾಕಿದವು. 1980ರ ಹೊತ್ತಿಗೆ ಇಂಥ ತಳಿಗಳಲ್ಲಿ ಕೆಟ್ಟಿದ್ದ 23 ಜೀನುಗಳು ಸಿಕ್ಕಿದ್ದವು. ಸ್ರಾವದ ದಾರಿಯ ಪ್ರೋಟೀನುಗಳ ಮೊದಲ ಪಟ್ಟಿ ಅದು. 2013ರ ನೊಬೆಲ್‌ನಲ್ಲಿ ಶೆಕ್‌ಮನ್‌ಗೆ ಪಾಲು ಬಂತು. ಗಂಟುಗಳಿಗೆ ವಿಳಾಸ ಹಚ್ಚುವ ಇನ್ನೊಂದು ಪ್ರೋಟೀನು ಬಳಗದ ಹೆಸರು ರ‍್ಯಾಬ್. 

ಈ ಸಾಗಣೆ ನಮ್ಮ ಜೀವಕೋಶಗಳಲ್ಲೂ ಇದೆ, ಡೆಂಗಿ ವೈರಸ್ಸಿಗೆ ಮಾತ್ರ ಸ್ವಂತ ಗಾಡಿಯಿಲ್ಲ. ಅದರ ಪ್ರೋಟೀನು ತಯಾರಾಗುವುದು ನಮ್ಮ ರೆಟಿಕ್ಯುಲಮ್ಮಿನ ಮೇಲೆ, ಅದನ್ನು ತುಂಡರಿಸಲು ನಮ್ಮ ಕಿಣ್ವದ ಕತ್ತರಿಯೂ ಬೇಕು. ಆ ಕತ್ತರಿಯ ಒಂದು ಭಾಗವನ್ನು ತೆಗೆದರೆ ಡೆಂಗಿ, ವೆಸ್ಟ್ ನೈಲ್‌ನಂಥ ವೈರಸ್‌ಗಳು ಸೊರಗುತ್ತವೆ ಎಂದು 2016ರ ಜೀನ್ ಶೋಧಗಳು ತೋರಿಸಿದವು. ಹೊಸ ವೈರಸ್ ಕಣ ಗಾಲ್ಗಿಯ ಮೂಲಕ ಸಾಗುವಾಗ ಫ್ಯೂರಿನ್ ಎಂಬ ಕಿಣ್ವ ಅದರ ಹೊದಿಕೆಯ ಪ್ರೋಟೀನನ್ನು ಕತ್ತರಿಸುತ್ತದೆ. ಆಗ ಅದು ಬಲಿಯುತ್ತದೆ. ವೈರಸ್ಸಿನ ಇನ್ನೊಂದು ಪ್ರೋಟೀನಾದ ಎನ್‌ಎಸ್1 ಕೂಡ ಇದೇ ಸಾಗಣೆಯ ದಾರಿಯಲ್ಲಿ, ಆರಾರು ಜೊತೆಗೂಡಿ, ರಕ್ತಕ್ಕೆ ಇಳಿಯುತ್ತದೆ. ಅದು ರಕ್ತನಾಳದ ಒಳಪದರವನ್ನು ಸಡಿಲಿಸಿ ಸೋರುವಂತೆ ಮಾಡಬಲ್ಲದೆಂದು 2015ರ ಪ್ರಯೋಗಗಳು ಕಂಡುಕೊಂಡವು. ಲ್ಯಾಬಿನ ಆ ಸಾಲು ಹೇಳುವುದು ಇಷ್ಟು: ನಮ್ಮದೇ ಗಾಡಿಯಲ್ಲಿ ವೈರಿಯ ಸರಕು ಹೊರಟಿದೆ.

ಹಾಗಾದರೆ ಗಾಡಿಯನ್ನೇ ತಡೆದರಾಯಿತಲ್ಲ? ಉಪಾಯ ಚೆಂದ, ಫಲ ಸಪ್ಪೆ. ರೆಟಿಕ್ಯುಲಮ್ಮಿನಲ್ಲಿ ಪ್ರೋಟೀನಿನ ಸಕ್ಕರೆ ಸರಗಳನ್ನು ಓರಣ ಮಾಡುವ ಕಿಣ್ವವನ್ನು ತಡೆಯುವ ಸೆಲ್ಗೋಸಿವಿರ್ ಎಂಬ ಔಷಧ ಡೆಂಗಿ ತಗುಲಿದ ಇಲಿಗಳನ್ನು ಉಳಿಸಿತ್ತು. ಸಿಂಗಪುರದಲ್ಲಿ 50 ಡೆಂಗಿ ರೋಗಿಗಳ ಮೇಲೆ ನೋಡಿದಾಗ ವೈರಸ್ಸೂ ಜ್ವರವೂ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. 2014ರಲ್ಲಿ ಆ ಫಲಿತಾಂಶ ಪ್ರಕಟವಾಯಿತು. ರೋಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ವೈರಸ್ ತನ್ನ ಸರಕನ್ನು ಬಹುಪಾಲು ಸಾಗಿಸಿರುತ್ತದೆ. ಇನ್ಸುಲಿನ್ನೂ ಪ್ರತಿಕಾಯಗಳೂ ಹೋಗಬೇಕಾದ ರಸ್ತೆಯೂ ಅದೇ. ವೈರಸ್ ಬಂತೆಂದು ಅದನ್ನು ಪೂರ್ತಿ ಮುಚ್ಚುವಂತಿಲ್ಲ. ಹೀಗಾಗಿ, ವೈರಸ್ಸಿನ ಬದಲು ನಮ್ಮದೇ ಜೀವಕೋಶದ ಪ್ರೋಟೀನಿಗೆ ಗುರಿಯಿಡುವ ಔಷಧವೇ ನಾಳಿನ ಉತ್ತರವೆಂದು ಸಾರುವ ಬರಹಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ. ತಿಳಿವಳಿಕೆಯಾಗಿ ಈ ವಿಜ್ಞಾನ ಗಟ್ಟಿ, ಡೆಂಗಿಯ ಔಷಧವಾಗಿ ಇನ್ನೂ ಗೆದ್ದಿಲ್ಲ.

ಪ್ಲೇಟ್‌ಲೆಟ್ ಎಣಿಕೆಗೆ ಬೆಲೆ ಇಲ್ಲವೆಂದಲ್ಲ. ಆದರೆ ಡೆಂಗಿಯಲ್ಲಿ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಪ್ಲಾಸ್ಮಾದ ಸೋರಿಕೆ, ಅದು ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ. ಮುಧೋಳದಲ್ಲಿರಲಿ ಬೀಳಗಿಯಲ್ಲಿರಲಿ, ಜ್ವರ ಬಿಟ್ಟಿತೆಂದು ಮನೆಗೆ ಹೊರಡುವ ಮುಂಚೆ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ವಿಪರೀತ ಸುಸ್ತು ಇವೆಯೇ ಎಂದು ನೋಡಿಕೊಳ್ಳಿ. ಒಂದಿದ್ದರೂ ಡಾಕ್ಟರರಿಗೆ ಹೇಳದೆ ಹೊರಡಬೇಡಿ.