ತಂಡ ಕಟ್ಟಿದರೆ ಕಾಲೇಜು ಉಳಿಯುವುದೇ?

ಅಮೆರಿಕದ ಸಣ್ಣ ಖಾಸಗಿ ಕಾಲೇಜುಗಳನ್ನು ನಡೆಸುವವರ ನಡುವೆ ಜೆಫ್ರಿ ಡಾಕಿಂಗ್ ಅವರ ‘ಕ್ರೈಸಿಸ್ ಇನ್ ಹೈಯರ್ ಎಜುಕೇಷನ್’ (2015) ಪುಸ್ತಕಕ್ಕೆ ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. ಕಾರ್ಮನ್ ಕರ್ಟನ್ ಜೊತೆಗೂಡಿ ಬರೆದ ಈ ಕೃತಿಯ ಬೆನ್ನಿಗಿರುವುದು ಮಿಷಿಗನ್‌ನ ಏಡ್ರಿಯನ್ ಕಾಲೇಜಿನ ಅನುಭವ. 2005ರಲ್ಲಿ ಡಾಕಿಂಗ್ ಅಲ್ಲಿನ ಅಧ್ಯಕ್ಷರಾದಾಗ ವಿದ್ಯಾರ್ಥಿಗಳು ಒಂದು ಸಾವಿರವೂ ಇರಲಿಲ್ಲ. ಐಸ್ ಹಾಕಿ ಅಂಕಣ ಬಂತು, ಹೊಸ ತಂಡಗಳು ಬಂದವು, ಪ್ರತಿ ತರಬೇತುದಾರನಿಗೂ ಇಂತಿಷ್ಟು ವಿದ್ಯಾರ್ಥಿಗಳನ್ನು ಕರೆತರಬೇಕೆಂಬ ಗುರಿ ಬಂತು. ಕೆಲವೇ ವರ್ಷಗಳಲ್ಲಿ ದಾಖಲಾತಿ ಸುಮಾರು ಇಮ್ಮಡಿಯಾಯಿತು. ಅದು ನಿಜವಾದ ಸಾಧನೆ. ಆದರೆ ಆ ಸಾಧನೆಯಿಂದ ದೇಶಕ್ಕೆಲ್ಲ ಅನ್ವಯಿಸುವ ಸೂತ್ರ ಹೊರಡಿಸಿದ್ದು ತಪ್ಪು. ಆ ಸೂತ್ರವನ್ನು ನಂಬಿದ ಕಾಲೇಜುಗಳು ಈಗ ಅದರ ಬೆಲೆ ತೆರುತ್ತಿವೆ.

2008ರ ಆರ್ಥಿಕ ಕುಸಿತದ ನಂತರ ಜನನ ಪ್ರಮಾಣ ಇಳಿದದ್ದು, ಆ ಮಕ್ಕಳು ಈಗ ಹದಿನೆಂಟರ ಹೊಸ್ತಿಲಲ್ಲಿರುವುದರಿಂದ ಕಾಲೇಜು ಸೇರುವವರು ಕಡಿಮೆಯಾಗುತ್ತಿರುವುದು, ಸಣ್ಣ ಕಾಲೇಜುಗಳ ದತ್ತಿನಿಧಿ ಕರಗುತ್ತಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ಪರೀಕ್ಷಿಸಬೇಕೆಂದಿರುವುದು ಈ ಬಿಕ್ಕಟ್ಟಿಗೆ ಮದ್ದೆಂದು ಬಂದ ಸೂತ್ರದ ಹೃದಯದಲ್ಲಿರುವ ಲೆಕ್ಕವನ್ನು.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ಮೂರನೇ ವಿಭಾಗದ ಕಾಲೇಜುಗಳು ಕ್ರೀಡಾ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಹಾಗಾಗಿ ಪ್ರತಿ ಆಟಗಾರನೂ ಶುಲ್ಕ ಕಟ್ಟುವ ವಿದ್ಯಾರ್ಥಿ, ಪ್ರತಿ ತಂಡವೂ ಆದಾಯದ ಮೂಲ ಎಂಬುದು ವಾದ. ಒಂದು ಉದಾಹರಣೆ ಹಿಡಿಯೋಣ. ನೂರು ಹುಡುಗರ ಅಮೆರಿಕನ್ ಫುಟ್‌ಬಾಲ್ ತಂಡ, ತಲೆಗೆ 40,000 ಡಾಲರ್ ಶುಲ್ಕ. ಕಾಗದದ ಮೇಲೆ ಅದು 40 ಲಕ್ಷ ಡಾಲರ್. ಆದರೆ ಆ ಶುಲ್ಕವನ್ನು ಪೂರ್ತಿ ಕಟ್ಟುವವರು ಅಪರೂಪ. ಖಾಸಗಿ ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ಕೊಡುವ ರಿಯಾಯಿತಿ ಸರಾಸರಿ ಅರ್ಧವನ್ನು ದಾಟಿದೆ. ಅರ್ಧವೆಂದೇ ಹಿಡಿದರೂ ಉಳಿಯುವುದು 20 ಲಕ್ಷ. ತಂಡವಿಲ್ಲದಿದ್ದರೂ ಅದೇ ಕಾಲೇಜಿಗೆ ಬರುತ್ತಿದ್ದವರು ಮೂವತ್ತು ಜನ ಎಂದುಕೊಂಡರೆ ಹೊಸ ಆದಾಯ 14 ಲಕ್ಷ. ಅದರಿಂದ ತರಬೇತುದಾರರ ಸಂಬಳ, ಹೆಲ್ಮೆಟ್, ಬಸ್ಸು, ವಿಮೆ, ವೈದ್ಯಕೀಯ ಸಿಬ್ಬಂದಿ, ಕ್ರೀಡಾಂಗಣದ ಸಾಲದ ಬಡ್ಡಿ ಕಳೆಯಬೇಕು. ಬೆಂಚಿನ ಮೇಲೆ ಕುಳಿತು ಬೇಸತ್ತ ಹುಡುಗರು ಎರಡನೇ ವರ್ಷ ಕಾಲೇಜನ್ನೇ ಬಿಟ್ಟರೆ, ತರಬೇತುದಾರ ಮತ್ತೆ ಅಷ್ಟೇ ಜನರನ್ನು ಹುಡುಕಿ ತರಬೇಕು. ಅವನ ಗುರಿ ತಲೆಗಳ ಎಣಿಕೆ. ನಾಲ್ಕು ವರ್ಷ ಓದಿ ಪದವಿ ಪಡೆದವರ ಎಣಿಕೆ ಯಾರ ಹೊಣೆಯೂ ಅಲ್ಲ. ಸೂತ್ರ ಸೋರುವುದು ಇಲ್ಲಿಯೇ.

ಇನ್ನೂ ದೊಡ್ಡ ಬಿರುಕೊಂದಿದೆ. ಒಂದು ಕಾಲೇಜು ಲಕ್ರಾಸ್ ತಂಡ ಕಟ್ಟಿದರೆ ನೆರೆಯ ಕಾಲೇಜಿನ ಹುಡುಗರನ್ನು ಸೆಳೆಯಬಹುದು. ನೆರೆಯವರೂ ಕಟ್ಟಿದರೆ ಇಬ್ಬರಿಗೂ ಖರ್ಚು ಬೀಳುತ್ತದೆ, ಹುಡುಗರು ಮಾತ್ರ ಇದ್ದಷ್ಟೇ. ಒಂದೇ ಕೆರೆಯ ನೀರಿಗೆ ಊರೆಲ್ಲ ಕಾಲುವೆ ತೋಡಿದಂತೆ. ಜಾರ್ಜಿಯಾ ವಿಶ್ವವಿದ್ಯಾಲಯದ ವೆಲ್ಚ್ ಸಗ್ಸ್ ಮತ್ತು ಸಂಗಡಿಗರು ಫುಟ್‌ಬಾಲ್ ಸೇರಿಸಿದ ಕಾಲೇಜುಗಳನ್ನು ಸೇರಿಸದವುಗಳೊಡನೆ ಹೋಲಿಸಿ 2024ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ: ಮೊದಲಿಗೆ ದಾಖಲಾತಿ ಏರುತ್ತದೆ, ಆ ಏರಿಕೆ ಬಾಳುವುದಿಲ್ಲ, ಶುಲ್ಕದ ಆದಾಯ ಬೆಳೆದದ್ದಕ್ಕೆ ಪುರಾವೆಯಿಲ್ಲ.

ಡಾಕಿಂಗ್ ಅವರನ್ನು ಟೀಕಿಸುವವರ ಜೊತೆಗೂ ನನಗೆ ಜಗಳವಿದೆ. ಅವರಲ್ಲಿ ಅನೇಕರು ಇಂದಿಗೂ ಷುಲ್ಮನ್ ಮತ್ತು ಬೋವೆನ್ ಅವರ ‘ದ ಗೇಮ್ ಆಫ್ ಲೈಫ್’ (2001) ಹಿಡಿದೇ ವಾದಿಸುತ್ತಾರೆ. ಆಟಗಾರರು ಓದಿನಲ್ಲಿ ಮುಂದಿರುವವರ ಸೀಟು ಕಸಿಯುತ್ತಾರೆ ಎಂಬುದು ಅವರು ಅಲ್ಲಿಂದ ಎತ್ತಿಕೊಂಡ ಆಕ್ಷೇಪ. ಆ ಗ್ರಂಥ ಪರಿಶೀಲಿಸಿದ್ದು ಪ್ರವೇಶಕ್ಕೆ ನೂಕುನುಗ್ಗಲಿರುವ ಆಯ್ದ ಸಂಸ್ಥೆಗಳನ್ನು. ಸೀಟುಗಳೇ ಖಾಲಿ ಬಿದ್ದಿರುವ ಕಾಲೇಜಿನಲ್ಲಿ ಯಾರೂ ಯಾರ ಸೀಟನ್ನೂ ಕಸಿಯುವುದಿಲ್ಲ. ಹೀಗೆ ಆಟಗಾರ ವಿದ್ಯಾರ್ಥಿಯನ್ನು ಹೊರಗಿನವನಂತೆ ನೋಡುವುದು ಅನ್ಯಾಯ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಎಷ್ಟೋ ಮಕ್ಕಳಿಗೆ ಆಟವೇ ಬಾಗಿಲು ತೆರೆದಿದೆ. ಆ ಹುಡುಗ ನಂಬಿ ಬಂದ ಮೇಲೆ ಕಾಲೇಜು ಅವನಿಗೆ ಏನು ಕೊಡುತ್ತದೆ ಎಂಬುದೇ ಕೇಳಬೇಕಾದ ಪ್ರಶ್ನೆ, ಮತ್ತು ಅದನ್ನು ಎರಡೂ ಬಣಗಳು ಬಿಟ್ಟಿವೆ. 2020ರಲ್ಲಿ ಇದೇ ಏಡ್ರಿಯನ್ ಕಾಲೇಜು ಇತಿಹಾಸ, ತತ್ತ್ವಶಾಸ್ತ್ರ, ಧರ್ಮಶಾಸ್ತ್ರ ವಿಭಾಗಗಳನ್ನು ಮುಚ್ಚುವುದಾಗಿ ಹೇಳಿ, ಪ್ರತಿಭಟನೆ ಎದ್ದ ಮೇಲೆ ಹಿಂದೆ ಸರಿಯಿತು. ಇಂಥ ವಿಷಯಗಳೇ ತಿರುಳಾದ ಲಿಬರಲ್ ಆರ್ಟ್ಸ್ ಕಾಲೇಜುಗಳನ್ನು ಉಳಿಸುವ ಯೋಜನೆಯೆಂದು ಉಪಶೀರ್ಷಿಕೆಯಲ್ಲೇ ಸಾರುವ ಪುಸ್ತಕಕ್ಕೆ ಇದಕ್ಕಿಂತ ಕಟುವಾದ ವಿಮರ್ಶೆ ಬೇಕಿಲ್ಲ.

ತಂಡ ಕಟ್ಟಿಯೂ ಉಳಿಯದ ಕಾಲೇಜುಗಳಿವೆ. ಮಿಷಿಗನ್‌ನ ಫಿನ್ಲಾಂಡಿಯಾ ವಿಶ್ವವಿದ್ಯಾಲಯ ಫುಟ್‌ಬಾಲ್ ಆರಂಭಿಸಿ ಹತ್ತು ವರ್ಷವೂ ಆಗುವ ಮೊದಲೇ, 2023ರಲ್ಲಿ, ಮುಚ್ಚಿತು. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು ಮೂರನೇ ವಿಭಾಗಕ್ಕೆ ಇಳಿದು 2007ರಲ್ಲಿ ಫುಟ್‌ಬಾಲ್ ಸೇರಿಸಿತ್ತು. ಕಟ್ಟಡಗಳ ಸಾಲ, ವಿದ್ಯಾರ್ಥಿ ನೆರವಿನ ಲೆಕ್ಕದ ದೋಷ, ಕರಗಿದ ದತ್ತಿನಿಧಿ ಅದನ್ನು ನುಂಗಿದವು. ಆಟ ಅದನ್ನು ಕೊಲ್ಲಲಿಲ್ಲ, ಉಳಿಸಲೂ ಇಲ್ಲ. 2024ರ ಮೇ 31ರಂದು ಕಾಲೇಜು ಮುಚ್ಚಿದಾಗ ಅದರ ಬೇಸ್‌ಬಾಲ್ ತಂಡ ಒಹಾಯೊದಲ್ಲಿ ರಾಷ್ಟ್ರೀಯ ಅಂತಿಮ ಸುತ್ತಿನಲ್ಲಿ ಆಡುತ್ತಿತ್ತು. ತಂಡ ಗೆಲ್ಲುತ್ತಿದ್ದರೂ ಕಾಲೇಜು ಸಾಯಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ನನ್ನ ತೀರ್ಮಾನ ಇದು: ಡಾಕಿಂಗ್ ಪುಸ್ತಕ ಒಂದು ಕಾಲೇಜಿನ ಯಶಸ್ಸಿನ ದಾಖಲೆಯಾಗಿ ಓದಬಹುದಾದದ್ದು, ಮಾರ್ಗದರ್ಶಿಯಾಗಿ ಅಪಾಯಕಾರಿ. ಹೊಸ ತಂಡ ಘೋಷಿಸುವ ಪ್ರತಿ ಆಡಳಿತ ಮಂಡಳಿಯೂ ಎರಡು ಅಂಕಿಗಳನ್ನು ಸಾರ್ವಜನಿಕವಾಗಿ ಮುಂದಿಡಲಿ: ರಿಯಾಯಿತಿ ಕಳೆದು ಬಂದ ಶುಲ್ಕವೆಷ್ಟು, ಆ ತಂಡಕ್ಕೆ ಸೇರಿದವರಲ್ಲಿ ಪದವಿ ಪಡೆದವರೆಷ್ಟು. ಈ ಎರಡನ್ನೂ ಕೇಳಿ ತಿಳಿದ ಮೇಲೆಯೇ ಪೋಷಕರು ಮಗನನ್ನು ಅಲ್ಲಿಗೆ ಕಳುಹಿಸಲಿ.