ಕಲ್ಲಾಸಳ ಕಲಿಕೆಯ ದಿನಗಳು

ದೊಡ್ಡ ಗಾಯಕರ ವಿಚಾರ ಬಂದಾಗ ‘ದೈವದತ್ತ ಕಂಠ’ ಎಂದು ಹೇಳಿ ಮಾತು ಮುಗಿಸುವುದು ನಮ್ಮಲ್ಲಿ ರೂಢಿ. ಮರಿಯಾ ಕಲ್ಲಾಸಳ ಮಟ್ಟಿಗಂತೂ ಈ ಮಾತು ಸಲ್ಲದು. ಆಕೆಯ ಕಂಠ ಏಕರೂಪವಾದುದಲ್ಲ. ಕೆಳಗಿನ ಸ್ವರಗಳಿಗೆ ಒಂದು ಬಣ್ಣ, ನಡುವಿನವಕ್ಕೆ ಇನ್ನೊಂದು, ತಾರದಲ್ಲಿ ಒಮ್ಮೊಮ್ಮೆ ಕರ್ಕಶವೆನ್ನಬಹುದಾದ ಹರಿತ. ಕೇವಲ ಇಂಪಿನ ತಕ್ಕಡಿಯಲ್ಲಿ ತೂಗಿದರೆ ಆಕೆಯ ಪ್ರತಿಸ್ಪರ್ಧಿ ರೆನಾತಾ ತೆಬಾಲ್ಡಿಯೇ ಗೆಲ್ಲುತ್ತಾಳೆ. ನಾನು ಕಲ್ಲಾಸಳನ್ನು ಮೊದಲ ಸಲ ಕೇಳಿದಾಗ ಅರ್ಧಕ್ಕೇ ನಿಲ್ಲಿಸಿದ್ದೆನೆಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಈಗ ಆ ಕಂಠವೇ ಬೇಕೆನಿಸುತ್ತದೆ. ಕಾರಣವನ್ನು ಅಥೆನ್ಸಿನಲ್ಲಿ ಹುಡುಕಬೇಕು. 1923ರಲ್ಲಿ ನ್ಯೂಯಾರ್ಕಿನಲ್ಲಿ ಗ್ರೀಕ್ ದಂಪತಿಗಳಿಗೆ ಹುಟ್ಟಿದ ಈಕೆ 1937ರಲ್ಲಿ ತಾಯಿಯೊಡನೆ ಅಲ್ಲಿಗೆ ಬಂದಳು. ಮೊದಲು ಮರಿಯಾ ತ್ರಿವೆಲ್ಲಾ, ಅನಂತರ ಎಲ್ವೀರಾ ದೆ ಹಿದಾಲ್ಗೊ ಆಕೆಗೆ ಗುರುಗಳಾದರು. ಹಿದಾಲ್ಗೊ ಸ್ಪೇನಿನವಳು, ಚುರುಕಾದ ಸ್ವರಾಲಂಕಾರಗಳ ಗಾಯನಕ್ಕೆ ಹೆಸರಾದವಳು. ಭಾರವಾದ ಕಂಠದ ಶಿಷ್ಯೆಗೆ ಭಾರದ ಹಾಡುಗಳನ್ನೇ ಕಲಿಸಿ ಕಳುಹಿಸುವುದು ಸುಲಭವಿತ್ತು. ಈ ಗುರು ಹಾಗೆ ಮಾಡದೆ, ಹಗುರವಾದ ಕಂಠಗಳಿಗೆ ಮೀಸಲೆನಿಸಿದ್ದ ಓಟ, ಕಂಪನ, ಅವರೋಹಣಗಳನ್ನು ಆ ಗಂಟಲಿನಿಂದಲೇ ಹೊರಡಿಸಿದಳು. ಬೆಳಿಗ್ಗೆ ಹೋದವಳು ತನ್ನ ಪಾಠ ಮುಗಿದರೂ ಏಳದೆ, ಉಳಿದ ಶಿಷ್ಯರ ಪಾಠಗಳನ್ನೆಲ್ಲ ಸಂಜೆಯವರೆಗೆ ಕೇಳುತ್ತ ಕೂರುತ್ತಿದ್ದುದಾಗಿ ಕಲ್ಲಾಸಳೇ ಹೇಳಿಕೊಂಡಿದ್ದಾಳೆ. (ಪರೀಕ್ಷೆಗೆ ಇಲ್ಲದ ಪದ್ಯವೆಂದೊಡನೆ ಪುಸ್ತಕ ಮುಚ್ಚುವ ನಮ್ಮ ಹುಡುಗರಿಗಾಗಿ ಇದನ್ನು ಬರೆಯುತ್ತಿಲ್ಲ, ಬರೆದರೂ ಅವರು ಓದುವುದಿಲ್ಲ.) 1942ರಲ್ಲಿ, ಶತ್ರುಸೈನ್ಯದ ವಶದಲ್ಲಿದ್ದ ಅಥೆನ್ಸಿನಲ್ಲಿ, 18ರ ಹುಡುಗಿ ತೋಸ್ಕಾ ಆಗಿ ರಂಗವೇರಿದಳು.

ಆ ಕಲಿಕೆಯ ಫಲ ಕಂಡುದು 1949ರ ಜನವರಿಯಲ್ಲಿ, ವೆನಿಸ್ಸಿನ ಫೆನೀಚೆ ರಂಗಮಂದಿರದಲ್ಲಿ. ವಾಗ್ನರನ ಯುದ್ಧಕನ್ಯೆ ಬ್ರೂನ್‌ಹಿಲ್ಡೆಯನ್ನು ಹಾಡುತ್ತಿದ್ದ ಕಲ್ಲಾಸಳಿಗೆ, ಕಾಯಿಲೆ ಬಿದ್ದ ಮಾರ್ಗರೀತಾ ಕರೋಸಿಯೊಳ ಬದಲು ಬೆಲ್ಲೀನಿಯ ‘ಪುರಿತಾನಿ’ಯ ಎಲ್ವೀರಾಳನ್ನು ಹಾಡುವಂತೆ ನಿರ್ದೇಶಕ ತುಲ್ಲಿಯೊ ಸೆರಾಫಿನ್ ಹೇಳಿದ. ಕತ್ತಿ ಹಿಡಿದವಳ ಕೈಗೆ ಕಸೂತಿಯ ಸೂಜಿ ಕೊಟ್ಟಂತೆ! ಒಂದು ವಾರದೊಳಗೆ ಕಲಿತು 19ನೆಯ ತಾರೀಖು ಹಾಡಿದಳು.

ಅದೇ ವರ್ಷ ಸೆತ್ರಾ ಕಂಪೆನಿಗಾಗಿ ಆಕೆ ಹಾಡಿದ ಎಲ್ವೀರಾಳ ಹುಚ್ಚಿನ ದೃಶ್ಯ ಮುದ್ರಿಕೆಯಲ್ಲಿ ಉಳಿದಿದೆ. ನನಗೆ ಇಟಾಲಿಯನ್ ಬಾರದು. ಆದರೂ ವರನು ತೊರೆದುಹೋದನೆಂದು ಮತಿಗೆಟ್ಟ ವಧುವಿನ ಸ್ಥಿತಿ ತಿಳಿಯದೆ ಹೋಗುವುದಿಲ್ಲ. ಕೊನೆಯ ಭಾಗದಲ್ಲಿ ಅರ್ಧಸ್ವರಗಳ ಇಳಿಜಾರುಗಳಿವೆ. ಅನೇಕರಲ್ಲಿ ಅದು ಕೇವಲ ಮಣಿ ಸುರಿದ ಸದ್ದು. ಕಲ್ಲಾಸಳಲ್ಲಿ ಪ್ರತಿಯೊಂದು ಸ್ವರವೂ ಬಿಡಿಯಾಗಿ ಕೇಳುತ್ತದೆ, ಆದರೆ ಇಡೀ ಸಾಲು ಒಂದೇ ನಿಟ್ಟುಸಿರು. ಅಲಂಕಾರ ಅರ್ಥವಾಗುವುದೆಂದರೆ ಇದು. ನಮ್ಮ ಅಲಂಕಾರಶಾಸ್ತ್ರವನ್ನು ಪಾಠ ಹೇಳುವಾಗ ಇಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿದ್ದಿಲ್ಲ.

ಎಳೆಯ ವಯಸ್ಸಿನಲ್ಲಿ ಇಂಥ ವಿರುದ್ಧ ಪಾತ್ರಗಳನ್ನು ಒಟ್ಟಿಗೆ ಹೊತ್ತುದರಿಂದಲೇ ಕಂಠ ಬೇಗ ಸವೆಯಿತೆಂದು ವಾದಿಸುವವರಿದ್ದಾರೆ. 1965ರಲ್ಲಿ ಲಂಡನ್ನಿನಲ್ಲಿ ಕೊನೆಯ ಬಾರಿ ಪೂರ್ಣ ನಾಟಕ ಹಾಡಿದಾಗ ಆಕೆಗೆ 41 ವರ್ಷ ಮಾತ್ರ. ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಸೆರಾಫಿನ್ನನಿಗೆ ಅಂದು ‘ಆಗದು’ ಎಂದಿದ್ದರೆ ಕಂಠ ಇನ್ನಷ್ಟು ವರ್ಷ ಉಳಿಯುತ್ತಿತ್ತೇನೋ. ಆ ಇಳಿಜಾರು ಹೀಗೆ ನಿಟ್ಟುಸಿರಾಗುತ್ತಿತ್ತೆಂದು ನಾನು ನಂಬಲಾರೆ.