ಕ್ಯಾರೆಕ್ಟರ್ ಎಂದರೆ ಅಕ್ಷರವೇ?

ಸಿ ಭಾಷೆಯನ್ನು ಕನ್ನಡದಲ್ಲಿ ಕಲಿಸುವಾಗ ‘ಕ್ಯಾರೆಕ್ಟರ್’ ಎಂಬ ಮಾತನ್ನು ಹೆಚ್ಚು ಯೋಚಿಸದೆ ‘ಅಕ್ಷರ’ ಎಂದುಬಿಡುವುದು ರೂಢಿ. ಕರ್ನಿಹನ್ ಮತ್ತು ರಿಚೀ ಅವರ 1978ರ ಗ್ರಂಥಕ್ಕೆ ಈ ಅರ್ಥ ಹೊಂದುತ್ತಿತ್ತು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. 1991ರಲ್ಲಿ ಯೂನಿಕೋಡ್ ಕನ್ನಡಕ್ಕೆ ಎಡೆ ಕೊಟ್ಟಿತು. ವಿಸ್ತೃತ ಕ್ಯಾರೆಕ್ಟರುಗಳನ್ನು ಮುದ್ರಿಸುವ ‘ಡಬ್ಲ್ಯುಪ್ರಿಂಟ್‌ಎಫ್’ ಮೊದಲಾದವು ಸಿ ಮಾನಕದ 1995ರ ತಿದ್ದುಪಡಿಯಲ್ಲಿ ಬಂದವು. ಆದರೂ ಆರಂಭದ ಪಾಠಗಳು ಸಾಮಾನ್ಯವಾಗಿ ಹಳೆಯ ‘ಪ್ರಿಂಟ್‌ಎಫ್’ ಬಳಿಯೇ ನಿಲ್ಲುತ್ತವೆ.

ಇದರ ಪೆಟ್ಟು ಬೀಳುವುದು ಅಕ್ಕಲಕೋಟದಂಥ ಕಡೆ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಗೆ. ತನ್ನೂರಿನ ಹೆಸರನ್ನು ವಿಸ್ತೃತ ಕ್ಯಾರೆಕ್ಟರುಗಳಲ್ಲಿ ಬರೆದು ಮುದ್ರಿಸಿದರೆ ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರಬಹುದು, ಏನೂ ಬಾರದೆಯೂ ಇರಬಹುದು. ಯಂತ್ರಕ್ಕೆ ಕನ್ನಡ ಬಾರದೆಂದು ಆತ ತೀರ್ಮಾನಿಸಿದರೆ ಆಶ್ಚರ್ಯವೇನು? ನಿಜದಲ್ಲಿ ಕೊರತೆ ಒಂದು ಸಾಲಿನದು. ಸಿ ಕಾರ್ಯಕ್ರಮ ತೊಡಗುವುದು ‘ಸಿ’ ಎಂಬ ಬರಿಯ ಲೊಕೇಲಿನಲ್ಲಿ. ಮುದ್ರಣಕ್ಕೆ ಮೊದಲೇ ‘ಸೆಟ್‌ಲೊಕೇಲ್’ ಕರೆದು ಯಂತ್ರದ ಲೊಕೇಲನ್ನು ಜಾರಿಗೆ ತರಬೇಕು. ಸೊಲ್ಲಾಪುರದವರು ಗಮನಿಸಬೇಕಾದ ಸಂಗತಿ: ಲಿನಕ್ಸ್ ಯಂತ್ರದ ಲೊಕೇಲ್ ಮರಾಠಿಯದಾಗಿದ್ದರೂ ಸಂಕೇತಕ್ರಮ ಯುಟಿಎಫ್-8 ಆಗಿದ್ದರೆ ಕನ್ನಡ ಸರಿಯಾಗಿಯೇ ಹೊರಬರುತ್ತದೆ. ಇಲ್ಲಿ ಗಡಿಜಗಳವಿಲ್ಲ! ಒಂದೇ ಹೊರಹರಿವಿನಲ್ಲಿ ‘ಪ್ರಿಂಟ್‌ಎಫ್’ ಮತ್ತು ‘ಡಬ್ಲ್ಯುಪ್ರಿಂಟ್‌ಎಫ್’ ಬೆರೆಸಬಾರದೆಂಬುದನ್ನೂ ಹೇಳಿಕೊಡಬೇಕು. ಮೊದಲ ಕರೆ ಯಾವುದೋ ಹೊರಹರಿವು ಅದರ ಜಾತಿಗೇ ಸೇರಿಬಿಡುತ್ತದೆ.

ಇಷ್ಟಾದರೂ ‘ಅಕ್ಷರ’ ಎಂಬ ಅನುವಾದ ಉಳಿಯಲಾರದು. ‘ಸೊಲ್ಲಾಪುರ’ ಎಂಬಲ್ಲಿ ಕಾಗುಣಿತ ಕಲಿತ ಮಗು ನಾಲ್ಕು ಅಕ್ಷರ ಎಣಿಸುತ್ತದೆ: ಸೊ, ಲ್ಲಾ, ಪು, ರ. ಲಿನಕ್ಸಿನಲ್ಲಿ ಸಿ ಎಣಿಸುವ ವಿಸ್ತೃತ ಕ್ಯಾರೆಕ್ಟರುಗಳು 9, ಬೈಟುಗಳು 27. ‘ಲ್ಲಾ’ ಒಂದೇ ನಾಲ್ಕು ಘಟಕಗಳಾಗಿ ಒಡೆಯುತ್ತದೆ: ಲ, ಹಲಂತ, ಮತ್ತೆ ಲ, ದೀರ್ಘದ ಚಿಹ್ನೆ. ಹಾಜರಿಪಟ್ಟಿಯಲ್ಲಿ ಹೆಸರುಗಳನ್ನು ಕಂಬಸಾಲಾಗಿ ಜೋಡಿಸಲು ಹೊರಟರೆ ಸಾಲು ಸೊಟ್ಟಗಾಗುವುದು ಇದರಿಂದಲೇ: ಯಂತ್ರ ಅಗಲವನ್ನು ಘಟಕಗಳಿಂದ ಅಳೆಯುತ್ತದೆ, ಕಣ್ಣು ಅಕ್ಷರಗಳಿಂದ. ಬರಿಯ ಮುದ್ರಣಕ್ಕಾದರೆ, ನನ್ನ ಅಭಿಪ್ರಾಯದಲ್ಲಿ, ಯುಟಿಎಫ್-8 ಪಠ್ಯವನ್ನು ಹಳೆಯ ‘ಪ್ರಿಂಟ್‌ಎಫ್’ಗೇ ಒಪ್ಪಿಸುವುದು ಲೇಸು, ಅದು ಬೈಟುಗಳನ್ನು ಮುಟ್ಟದೆ ದಾಟಿಸುತ್ತದೆ. ವಿಸ್ತೃತ ರೂಪ ಬೇಕಾಗುವುದು ಪದವನ್ನು ಬಿಡಿಸಿ ನೋಡುವಾಗ.

ಆದ್ದರಿಂದ ಪಠ್ಯಕಾರರು ‘ಕ್ಯಾರೆಕ್ಟರ್’ ಎಂಬುದನ್ನು ಹಾಗೆಯೇ ಇರಿಸಿಕೊಂಡು, ‘ಅಕ್ಷರ’ವನ್ನು ಕಾಗುಣಿತದ ಅರ್ಥಕ್ಕೇ ಮೀಸಲಿಡಲಿ. ‘ಹಲೋ ವರ್ಲ್ಡ್’ ಆದ ಕೂಡಲೇ ಬರುವ ಅಭ್ಯಾಸದಲ್ಲಿ ವಿದ್ಯಾರ್ಥಿ ತನ್ನೂರಿನ ಹೆಸರನ್ನು ಮುದ್ರಿಸಿ, ಮೂರು ಎಣಿಕೆಗಳನ್ನೂ ಅಕ್ಕಪಕ್ಕ ಬರೆಯಲಿ.